ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ: ವಯಸ್ಸೋ, ಕಾಯಿಲೆಯೋ?

ಬಿಂದಿಗೆ ಎಷ್ಟೇ ನೆಗ್ಗಿದ್ದರೂ ಕಂಠದ ತನಕ ನೀರು ಬಂದರೆ ಅದು ತುಂಬಿದ ಬಿಂದಿಗೆಯೇ. ಎಲೆಕ್ಟ್ರಿಕ್ ಕಾರಿನ ಡ್ಯಾಶ್‌ಬೋರ್ಡ್ ತೋರಿಸುವ 100% ಕೂಡ ಅಷ್ಟೇ ಹೇಳುತ್ತದೆ. ತುಂಬಿದೆ ಅನ್ನುತ್ತದೆ, ಎಷ್ಟು ಹಿಡಿಯಿತು ಅನ್ನುವುದಿಲ್ಲ. ಅದರ ಪಕ್ಕದಲ್ಲಿ ಕಾಣುವ 'ಇನ್ನು 210 ಕಿ.ಮೀ.' ಎಂಬ ಅಂಕಿಯಂತೂ ಈಚೆಗೆ ಕಾರು ಓಡಿದ ರೀತಿಯ ಮೇಲೆ ಕಟ್ಟಿದ ಊಹೆ. ಮಾರುವವರು ಎರಡು ದಿನ ಎಸಿ ಹಾಕದೆ ನಲವತ್ತರ ವೇಗದಲ್ಲಿ ಓಡಿಸಿಟ್ಟರೆ ಸುಸ್ತಾದ ಬ್ಯಾಟರಿಯೂ ಒಳ್ಳೆಯ ಅಂಕಿ ತೋರಿಸುತ್ತದೆ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ತಂದರೆ ಗಟ್ಟಿ ಬ್ಯಾಟರಿಯೂ ಕಡಿಮೆ ತೋರಿಸುತ್ತದೆ. ಈ ಎರಡು ಅಂಕಿ ನೋಡಿ ಕಾರು ಕೊಳ್ಳಬೇಡಿ, ಬಿಡಲೂ ಬೇಡಿ.

'ರೇಂಜ್ ಕಡಿಮೆ ಬರ್ತಿದೆ' ಎಂಬ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿಗಳು ಇರಬಹುದು. ಒಂದು, ಪ್ಯಾಕ್‌ನ (ಇಡೀ ಬ್ಯಾಟರಿ ಪೆಟ್ಟಿಗೆಯ) ಒಳಗಿರುವ ಸಣ್ಣ ಬ್ಯಾಟರಿಗಳು, ಅಂದರೆ ಸೆಲ್‌ಗಳು, ಎಲ್ಲವೂ ಒಂದೇ ಸಮನಾಗಿ ಸವೆದಿವೆ. ಇದು ವಯಸ್ಸು, ಬೆಲೆ ಇಳಿಸಿಕೊಂಡು ಕೊಳ್ಳಬಹುದು. ಎರಡು, ಒಂದೆರಡು ಸೆಲ್ ಮಾತ್ರ ಕೆಟ್ಟಿವೆ. ಇದು ಕಾಯಿಲೆ, ವಾರಂಟಿ ಇಲ್ಲದಿದ್ದರೆ ಹತ್ತಿರ ಹೋಗಬಾರದು. ಮೂರು, ಸೆಲ್‌ಗಳು ಚೆನ್ನಾಗಿಯೇ ಇವೆ, ಅವುಗಳ ಲೆಕ್ಕ ಇಡುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ) ಲೆಕ್ಕ ತಪ್ಪಿದೆ. ಇದು ಕೊಳ್ಳುವವರಿಗೆ ಲಾಭ. ನಾಲ್ಕು, ದೊಡ್ಡ ಬ್ಯಾಟರಿಗೂ ದೂರಿಗೂ ಸಂಬಂಧವೇ ಇಲ್ಲ, ತಪ್ಪು ಟೈರ್, ಬ್ರೇಕ್ ಅಥವಾ ಲೈಟು, ಎಲೆಕ್ಟ್ರಾನಿಕ್ಸ್ ನಡೆಸುವ ಸಣ್ಣ 12 ವೋಲ್ಟ್ ಬ್ಯಾಟರಿಯದು. ಮುಂದಿನ ಪರೀಕ್ಷೆಗಳೆಲ್ಲ ಈ ನಾಲ್ಕನ್ನು ಬೇರ್ಪಡಿಸುವುದಕ್ಕೆ.

ಉದಾಹರಣೆಗೆ 30.2 ಯೂನಿಟ್ ಬ್ಯಾಟರಿಯ ಮೊದಲ ತಲೆಮಾರಿನ ಟಾಟಾ ನೆಕ್ಸಾನ್ ಇವಿ ಇಟ್ಟುಕೊಂಡಿದ್ದೇವೆ. 2020ರ ಜನವರಿಯಲ್ಲಿ ಬಂದ ಕಾರು ಇದು. ಕಿಲೋವ್ಯಾಟ್ ಅವರ್ ಎಂದು ಬರೆಯುವುದನ್ನು ಇಲ್ಲಿ ಉದ್ದಕ್ಕೂ ಯೂನಿಟ್ ಎಂದೇ ಕರೆದಿದ್ದೇವೆ. ಬೆಸ್ಕಾಂ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಅದು.

ಕಾರು ನೋಡಲು ಹೋಗುವ ಮೊದಲು

ಮೊದಲು ಬ್ಯಾಟರಿಯ ಮೂಲ ಅಳತೆ ಯಾವುದೆಂದು ಖಚಿತ ಮಾಡಿಕೊಳ್ಳಿ. ಇಲ್ಲೇ ಬಹಳ ಮಂದಿ ಎಡವುವುದು. 2021ರ ಟಿಗೋರ್ ಇವಿಯಲ್ಲಿ 26 ಯೂನಿಟ್ ಬ್ಯಾಟರಿ. ನೋಡಲು ಹಾಗೇ ಇರುವ, ಟ್ಯಾಕ್ಸಿಗೆಂದು ಮಾಡಿದ ಎಕ್ಸ್‌ಪ್ರೆಸ್-ಟಿ ಕಾರಿನಲ್ಲಿ 16.5 ಅಥವಾ 21.5 ಯೂನಿಟ್. ಟಿಯಾಗೊ ಇವಿಯಲ್ಲಿ 19.2 ಮತ್ತು 24 ಎಂದು ಎರಡು ಬಗೆ. 21.5ರ ಕಾರನ್ನು 26 ಎಂದುಕೊಂಡು ಅಳೆದರೆ ಆರೋಗ್ಯವಾಗಿರುವ ಬ್ಯಾಟರಿಯೂ ಕೆಟ್ಟಂತೆ ಕಾಣುತ್ತದೆ. ಮಾರುವವರು ತಿರುಗಾಮುರುಗಾ ಹೇಳಿದರೆ ನೀವು ಮೋಸಹೋಗುತ್ತೀರಿ. ಆರ್‌ಸಿಯಲ್ಲಿರುವ ಮಾಡೆಲ್ ಹೆಸರು ನೋಡಿ. ಹಸಿರು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಬಾಡಿಗೆ ಗಾಡಿ, ಬಿಳಿ ಅಕ್ಷರ ಇದ್ದರೆ ಸ್ವಂತದ್ದು. ಬಾಡಿಗೆಯದನ್ನು ಸ್ವಂತಕ್ಕೆ ಬದಲಿಸಿದ್ದರೆ ಆ ಬದಲಾವಣೆಯ ದಾಖಲೆ ಕೇಳಿ. ದಿನಕ್ಕೆ ಎರಡು ಸಲ ಫಾಸ್ಟ್ ಚಾರ್ಜ್ ಕಂಡ ಗಾಡಿಯನ್ನೂ ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲೇ ಬೆಳೆದ ಗಾಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ವಾರಂಟಿ ವಿಷಯದಲ್ಲಿ ದಿನಾಂಕ ಲೆಕ್ಕ ಹಾಕಿ. 30.2 ಯೂನಿಟ್‌ನ ಆ ನೆಕ್ಸಾನ್ ಇವಿ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. 2020ರ ಮಾರ್ಚ್‌ನ ಕಾರಿಗೆ 2028ರ ಮಾರ್ಚ್‌ಗೆ ಮುಗಿಯುತ್ತದೆ. ಈಗ 'ಜೀವಮಾನ ವಾರಂಟಿ' ಎಂಬ ಮಾತೂ ಓಡಾಡುತ್ತಿದೆ. ಎಂಜಿ ವಿಂಡ್ಸರ್‌ನಲ್ಲಿ ಅದು ಮೊದಲ ಮಾಲೀಕರಿಗೆ ಮಾತ್ರ, ಎರಡನೆಯವರಿಗೆ ಬರುವುದಿಲ್ಲ. ಅದೇ ವಿಂಡ್ಸರ್ ಬ್ಯಾಟರಿಯನ್ನು ಬಾಡಿಗೆ ಲೆಕ್ಕದಲ್ಲಿ ಕೊಡುವ ಯೋಜನೆಯಲ್ಲೂ ಮಾರಾಟವಾಗಿದೆ: ಕಾರಿಗೆ ಒಂದು ಬೆಲೆ, ಬ್ಯಾಟರಿಗೆ ಕಿ.ಮೀ.ಗೆ ಇಷ್ಟು ಎಂದು. ಹಾಗೆ ಕೊಂಡ ಕಾರಾದರೆ ಬ್ಯಾಟರಿಯ ಸಾಲ ತೀರಿದೆಯೇ, ಯಾರ ಹೆಸರಿಗೆ ಉಳಿದಿದೆ ಎಂದು ಕಾಗದದಲ್ಲಿ ನೋಡದೆ ಟೋಕನ್ ಕೊಡಬೇಡಿ. ವಾರಂಟಿ ಪುಸ್ತಕದಲ್ಲಿ ಸಾಮರ್ಥ್ಯ ಎಷ್ಟು ಶೇಕಡಕ್ಕಿಂತ ಇಳಿದರೆ ಬದಲಿಸಿಕೊಡುತ್ತಾರೆ ಎಂಬ ಸಾಲು ಇದೆಯೇ ಎಂದು ಹುಡುಕಿ. ಆ ಸಾಲು ಇಲ್ಲದಿದ್ದರೆ ಸಹಜ ಸವೆತಕ್ಕೆ ದುಡ್ಡು ಬರುವುದೆಂದು ನಂಬಿಕೊಳ್ಳಬೇಡಿ.

ಇನ್ಶೂರೆನ್ಸ್ ಪಾಲಿಸಿಯಲ್ಲಿ ಎನ್‌ಸಿಬಿ (ಕ್ಲೇಮ್ ಮಾಡದವರಿಗೆ ಸಿಗುವ ಶೇಕಡವಾರು ರಿಯಾಯಿತಿ) ಎಷ್ಟಿದೆ ನೋಡುವುದು ಒಂದು ನಿಮಿಷದ ಕೆಲಸ. ಕ್ಲೇಮ್ ಇಲ್ಲದೆ ಸಾಗಿದ ವರ್ಷಗಳಿಗೆ ಅದು 20, 25, 35, 45, 50 ಎಂದು ಏರುತ್ತ ಹೋಗುತ್ತದೆ. ನಾಲ್ಕು ವರ್ಷ ಮುಗಿದ ಒಬ್ಬರೇ ಮಾಲೀಕರ ಕಾರಿನಲ್ಲಿ 45 ಇರಬೇಕು. 20 ಇದ್ದರೆ ನಡುವೆ ಏನೋ ಆಗಿದೆ. ಏನೆಂದು ಕೇಳಿ.

ಹ್ಯುಂಡೈ ಕೋನಾ ನೋಡುವವರಿಗೆ ಒಂದು ಮಾತು. 2019ರ ಏಪ್ರಿಲ್‌ನಿಂದ 2020ರ ಅಕ್ಟೋಬರ್ ನಡುವೆ ತಯಾರಾದ 456 ಕಾರುಗಳನ್ನು ಕಂಪನಿ 2020ರ ಡಿಸೆಂಬರ್‌ನಲ್ಲಿ ಬ್ಯಾಟರಿ ತಪಾಸಣೆಗೆ ವಾಪಸ್ ಕರೆಸಿತ್ತು. ನೀವು ನೋಡುತ್ತಿರುವುದು ಆ ಸಾಲಿನದಾದರೆ ತಪಾಸಣೆಯಾದ ದಾಖಲೆ ಸರ್ವಿಸ್ ಚರಿತ್ರೆಯಲ್ಲಿ ಇರಲೇಬೇಕು.

ಯಾವ ಜಾತಿಯ ಸೆಲ್?

ಪರೀಕ್ಷೆ ಹೇಗೆ ಮಾಡಬೇಕು ಎಂಬುದು ಇದರ ಮೇಲೆ ನಿಂತಿದೆ. ಟಾಟಾ ನೆಕ್ಸಾನ್, ಟಿಗೋರ್, ಟಿಯಾಗೊ ಮತ್ತು ಬಿವೈಡಿ ಅಟ್ಟೋ 3 ಕಾರುಗಳಲ್ಲಿರುವುದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್). ಕೋನಾ ಮತ್ತು 44.5 ಯೂನಿಟ್‌ನ ಮೊದಲ ಎಂಜಿ ಝಡ್‌ಎಸ್ ಇವಿಯಲ್ಲಿರುವುದು ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್).

ಎನ್‌ಎಂಸಿ ಸೆಲ್ಲಿನ ವೋಲ್ಟೇಜ್ 4.2ರಿಂದ ಕೆಳಗೆ ಇಳಿಜಾರಿನಂತೆ ಇಳಿಯುತ್ತದೆ. ಕಾರು ನಿಂತಿರುವಾಗ ವೋಲ್ಟೇಜ್ ನೋಡಿಯೇ ಎಷ್ಟು ಚಾರ್ಜ್ ಉಳಿದಿದೆ ಎಂದು ಬಿಎಂಎಸ್ ತನ್ನ ಲೆಕ್ಕ ಸರಿಮಾಡಿಕೊಳ್ಳಬಲ್ಲದು. ಎಲ್‌ಎಫ್‌ಪಿ ಹಾಗಲ್ಲ. ತುದಿಯಲ್ಲಿ 3.65, ಆಮೇಲೆ ಸುಮಾರು 90ರಿಂದ 20% ತನಕ 3.2-3.3ರ ಆಸುಪಾಸಿನಲ್ಲಿ ಕೆರೆ ಏರಿಯಂತೆ ಸಪಾಟು, ತಳ ಮುಟ್ಟುವಾಗ ಒಮ್ಮೆಲೇ ಕುಸಿತ. ನಡುವಿನ ಸಪಾಟಿನಲ್ಲಿ ವೋಲ್ಟೇಜ್ ನೋಡಿ ಏನೂ ತಿಳಿಯುವುದಿಲ್ಲ. ಅಲ್ಲಿ ಬಿಎಂಎಸ್ ಬಂದ ಕರೆಂಟು, ಹೋದ ಕರೆಂಟು ಎಣಿಸುತ್ತ ಅಂದಾಜಿನಲ್ಲಿ ನಡೆಯುತ್ತದೆ. ವಾರಗಟ್ಟಲೆ 40ರಿಂದ 80%ರ ನಡುವೆಯೇ ಓಡಾಡಿದ ಎಲ್‌ಎಫ್‌ಪಿ ಕಾರಿನ ಎಣಿಕೆ ಸ್ವಲ್ಪ ಸ್ವಲ್ಪವಾಗಿ ದಾರಿ ತಪ್ಪುತ್ತದೆ. 'ಬ್ಯಾಟರಿ ಬಾಳಿಕೆ ಬರಲಿ' ಎಂದು ಎಂದೂ 80 ದಾಟಿಸದ ಜಾಗ್ರತೆಯ ಮಾಲೀಕರ ಕಾರಿನಲ್ಲೇ ಈ ದೋಷ ಹೆಚ್ಚು ಕಾಣುವುದು ತಮಾಷೆ.

ಬಿಎಂಎಸ್ 50% ಇಳಿಯಿತು ಎಂದರೆ, ಅದು ನಂಬಿರುವ ಒಟ್ಟು ಸಾಮರ್ಥ್ಯದ ಅರ್ಧ ಹೊರಹೋಯಿತು ಎಂದಷ್ಟೇ ಅರ್ಥ. ನಂಬಿಕೆಯೇ ತಪ್ಪಿದ್ದರೆ? ಎಲ್‌ಎಫ್‌ಪಿ ಕಾರನ್ನು 70ರಿಂದ 40%ಗೆ ಓಡಿಸಿ ಸಾಮರ್ಥ್ಯ ಲೆಕ್ಕ ಹಾಕಿದರೆ ಬರುವ ಉತ್ತರ ಬ್ಯಾಟರಿಯದಲ್ಲ, ಬಿಎಂಎಸ್‌ನ ನಂಬಿಕೆಯದು. ಯೂಟ್ಯೂಬಿನಲ್ಲಿ ಅರ್ಧ ಗಂಟೆಯ ಟೆಸ್ಟ್ ಡ್ರೈವ್ ಮಾಡಿ '94% ಇದೆ' ಎಂದು ತೀರ್ಪು ಕೊಡುವವರು ಮರೆಯುವುದು ಇದನ್ನೇ. ಸತ್ಯ ಹೊರಬರಬೇಕಾದರೆ ಬ್ಯಾಟರಿ ಮೇಲಿನ ತುದಿಯನ್ನೂ ತಳದ ಹತ್ತಿರವನ್ನೂ ಮುಟ್ಟಬೇಕು.

ಬೆಂಗಳೂರಿನ ಹಳೆಯ ರೇವಾ ಓಡಿಸಿದವರಿಗೆ ವೋಲ್ಟ್‌ಮೀಟರ್ ಹಿಡಿದು ಎಂಟು ಸೀಸದ ಬ್ಯಾಟರಿಗಳನ್ನು ಒಂದೊಂದಾಗಿ ಅಳೆಯುವ ಅಭ್ಯಾಸವಿತ್ತು. ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು, ಅಪಾಯವೂ ಹೌದು. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ 300 ವೋಲ್ಟ್‌ಗೂ ಮೀರಿದ ಡಿಸಿ ಇರುತ್ತದೆ. ಅವನ್ನು ಮುಟ್ಟುವುದು, ಬಿಚ್ಚುವುದು, ಪ್ಯಾಕ್ ತೆರೆಯುವುದು ಈ ಕೈಪಿಡಿಯ ಯಾವ ಹಂತದಲ್ಲೂ ಇಲ್ಲ.

ಮೀಟರ್ ಪರೀಕ್ಷೆ

ಇದಕ್ಕಿಂತ ನಂಬಿಕೆಯ ಪರೀಕ್ಷೆ ಮನೆಯಲ್ಲಿ ಮಾಡುವಂಥದ್ದು ಇನ್ನೊಂದಿಲ್ಲ. ಮೂರು ದಿನ ಬೇಕು, ಮಾರುವವರ ಸಹಕಾರವೂ ಬೇಕು. ಲಕ್ಷಗಟ್ಟಲೆ ಕೊಡುವವರು ಕೇಳುವುದರಲ್ಲಿ ಸಂಕೋಚವಿಲ್ಲ.

1. ಕಾರನ್ನು ಮನೆಯ ಪ್ಲಗ್ಗಿನಲ್ಲಿ ಅಥವಾ ನಿಧಾನದ ಎಸಿ (ಆಲ್ಟರ್ನೇಟಿಂಗ್ ಕರೆಂಟ್) ಚಾರ್ಜರ್‌ನಲ್ಲಿ 100% ತನಕ ಚಾರ್ಜ್ ಮಾಡಿಸಿ. 100 ತೋರಿಸಿದ ಮೇಲೂ ಪ್ಲಗ್ ತೆಗೆಯಬೇಡಿ, ಒಂದೆರಡು ಗಂಟೆ ಹಾಗೇ ಬಿಡಿ. ಸೆಲ್‌ಗಳು ಒಂದಕ್ಕೊಂದು ಸಮವಾಗುವುದು ಆಗಲೇ. ಇಷ್ಟಕ್ಕೇ ಬಿಎಂಎಸ್‌ನ ಮೇಲ್ತುದಿಯ ಲೆಕ್ಕ ಸರಿಹೋಗುತ್ತದೆ.

2. ಒಂದೆರಡು ದಿನದಲ್ಲಿ 10-15% ತನಕ ಓಡಿಸಿ ಇಳಿಸಿ. ನಡುವೆ ಚಾರ್ಜ್ ಮಾಡುವಂತಿಲ್ಲ. ಇಳಿಯುವಾಗ ಶೇಕಡ ಒಂದೊಂದಾಗಿ ಇಳಿಯುತ್ತದೆಯೇ, ಹಾರುತ್ತದೆಯೇ ಎಂದು ಕಣ್ಣಿಡಿ.

3. ಒಂದು ಗಂಟೆ ನಿಲ್ಲಿಸಿ, ಶೇಕಡ ಬರೆದುಕೊಳ್ಳಿ.

4. 16 ಆಂಪಿಯರ್‌ನ ಪ್ಲಗ್-ಇನ್ ಎನರ್ಜಿ ಮೀಟರ್ ಸಿಕ್ಕಿದರೆ ಅದರ ಮೂಲಕ ಚಾರ್ಜ್ ಹಾಕಿ. ಕಾರಿಗೆಂದೇ ಬೇರೆ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಎರಡೂ ಇಲ್ಲದಿದ್ದರೆ ಮನೆಯ ಮೀಟರ್ ಓದಿ, ಆದರೆ ಆ ರಾತ್ರಿ ಗೀಸರ್, ಪಂಪ್ ಹಾಕಬಾರದು. ಫ್ರಿಜ್ಜಿಗೆಂದು ಒಂದು ಯೂನಿಟ್ ಕಳೆಯಿರಿ.

5. 100 ಆಗಿ ಕಾರು ತಾನೇ ನಿಲ್ಲಿಸಿದ ಮೇಲೆ ಎಷ್ಟು ಯೂನಿಟ್ ಹೋಯಿತು ನೋಡಿ. 15 ಆಂಪಿಯರ್ ಪ್ಲಗ್ಗಿನಲ್ಲಿ ಸುಮಾರು ಒಂಬತ್ತು ಗಂಟೆ ಹಿಡಿಯುತ್ತದೆ.

ಲೆಕ್ಕ ಹೀಗೆ. ಗೋಡೆಯಿಂದ ಹೊರಟ ಕರೆಂಟೆಲ್ಲ ಬ್ಯಾಟರಿಗೆ ಸೇರುವುದಿಲ್ಲ. ಕಾರಿನೊಳಗಿನ ಚಾರ್ಜರ್ ಬಿಸಿಯಾಗಲು, ಕೂಲೆಂಟ್ ಪಂಪ್ ಓಡಲು 10ರಿಂದ 15% ಖರ್ಚು. ನಡುವಿನ ಅಂಕಿಯಾಗಿ 0.87ರಿಂದ ಗುಣಿಸಿ. 15ರಿಂದ 100ಕ್ಕೆ 27 ಯೂನಿಟ್ ಹಿಡಿದಿದೆ ಎನ್ನೋಣ. 27ನ್ನು 0.87ರಿಂದ ಗುಣಿಸಿದರೆ 23.5. ಇದು 85%ರ ಪಾಲು, ಆದ್ದರಿಂದ 0.85ರಿಂದ ಭಾಗಿಸಿ: 27.6 ಯೂನಿಟ್. ಮೂಲ 30.2ಕ್ಕೆ ಹೋಲಿಸಿದರೆ 91%. ಇದೇ ಕಾರು 22 ಯೂನಿಟ್‌ಗೇ ತುಂಬಿದೆ ಎಂದಾದರೆ ಲೆಕ್ಕ 22.5ಕ್ಕೆ ಬರುತ್ತದೆ, ಅಂದರೆ 75%ಕ್ಕೂ ಸ್ವಲ್ಪ ಕಡಿಮೆ.

ಈ ಪರೀಕ್ಷೆಯಲ್ಲಿ 4-5% ಹೆಚ್ಚುಕಡಿಮೆ ಇದ್ದೇ ಇದೆ. ಜೊತೆಗೆ ಕಂಪನಿಯವರು ತಳದಲ್ಲೂ ತುದಿಯಲ್ಲೂ ಸ್ವಲ್ಪ ಉಳಿಸಿಕೊಂಡಿರುವುದರಿಂದ ಹೊಚ್ಚ ಹೊಸ ಕಾರೂ ಪೂರ್ತಿ 100 ಕೊಡುವುದಿಲ್ಲ. ಹಾಗಾಗಿ 91ನ್ನು 88 ಎಂದವರೊಂದಿಗೆ ಜಗಳಕ್ಕೆ ನಿಲ್ಲಬೇಡಿ. 91ಕ್ಕೂ 75ಕ್ಕೂ ಇರುವ ಅಂತರ ಮಾತ್ರ ನಿಜವಾದದ್ದು. ನಾಲ್ಕೈದು ವರ್ಷ, 60-80 ಸಾವಿರ ಕಿ.ಮೀ. ಓಡಿದ ಕಾರಿಗೆ 85ರ ಮೇಲೆ ಬಂದರೆ ಸಹಜ ವಯಸ್ಸು. 80ರ ಕೆಳಗಾದರೆ ಕಾರಣ ಹುಡುಕಬೇಕು.

ಮೂರು ದಿನ ಕೊಡಲು ಮಾರುವವರು ಒಪ್ಪದಿದ್ದರೆ ಡಿಸಿ ಫಾಸ್ಟ್ ಚಾರ್ಜರ್‌ಗೆ ಹೋಗಿ 15ರಿಂದ 90% ಮಾಡಿಸಿ. ಅಲ್ಲಿನ ಬಿಲ್ಲು ತೋರಿಸುವ ಯೂನಿಟ್ ಹೆಚ್ಚುಕಡಿಮೆ ನೇರ ಬ್ಯಾಟರಿಗೆ ಹೋದದ್ದು, ಸೋರಿಕೆಗೆಂದು 3-5% ಮಾತ್ರ ಕಳೆದರೆ ಸಾಕು. ಎಲ್‌ಎಫ್‌ಪಿಯಲ್ಲಿ ಇದು ಅರ್ಧ ಸತ್ಯ ಎಂಬುದು ನೆನಪಿರಲಿ. ಎನ್‌ಎಂಸಿ ಕಾರಿಗಾದರೆ ತಕ್ಕಮಟ್ಟಿಗೆ ನಂಬಬಹುದು.

ರೇಂಜ್ ಕಡಿಮೆ, ಆದರೆ ಬ್ಯಾಟರಿಯೇ ಕಾರಣವೇ?

ಕೆಂಗೇರಿಯಿಂದ ರಾಮನಗರದ ಕಡೆ ಹೋಗಿ ಬಂದರೆ ಸುಮಾರು 70 ಕಿ.ಮೀ. ಟ್ರಿಪ್ ಮೀಟರ್ ಸೊನ್ನೆ ಮಾಡಿ ಹೊರಡಿ. ಹೋಗುವುದರ ಲೆಕ್ಕ ಮಾತ್ರ ಹಿಡಿಯಬೇಡಿ. ಬೆಂಗಳೂರಿಗಿಂತ ರಾಮನಗರ ತಗ್ಗಿನಲ್ಲಿದೆ, ಒಂದೂವರೆ ಟನ್ ಕಾರು 150 ಮೀಟರ್ ಇಳಿದರೆ ಅರ್ಧ ಯೂನಿಟ್‌ಗೂ ಮೇಲೆ ಪುಕ್ಕಟೆ ಸಿಗುತ್ತದೆ. ಶಿರಾಡಿ ಘಾಟಿ ಇಳಿಸಿ ತೋರಿಸಿ 'ನೋಡಿ, ಪರ್ಸೆಂಟೇ ಇಳಿಯಲಿಲ್ಲ' ಎಂದರೆ ಆ ಕೀರ್ತಿ ಘಾಟಿಗೆ ಸಲ್ಲಬೇಕು.

ಬಂದ ಮೇಲೆ ಎರಡು ಅಂಕಿ ನೋಡಿ: ಯೂನಿಟ್‌ಗೆ ಎಷ್ಟು ಕಿ.ಮೀ. ಕೊಟ್ಟಿದೆ, ಎಷ್ಟು ಶೇಕಡ ಇಳಿದಿದೆ. ಕಾರು 100 ಕಿ.ಮೀ.ಗೆ ಇಷ್ಟು ಯೂನಿಟ್ ಎಂದೋ, ಕಿ.ಮೀ.ಗೆ ಇಷ್ಟು ವ್ಯಾಟ್ ಅವರ್ ಎಂದೋ ತೋರಿಸಿದರೆ ಅದನ್ನೇ ತಿರುಗಿಸಿಕೊಳ್ಳಿ. ಕಿ.ಮೀ.ಗೆ 130 ವ್ಯಾಟ್ ಅವರ್ ಅಂದರೆ ಯೂನಿಟ್‌ಗೆ 7.7 ಕಿ.ಮೀ.

ಹದವಾಗಿ ಓಡಿಸಿಯೂ ಯೂನಿಟ್‌ಗೆ 5.5-6 ಕಿ.ಮೀ. ಮಾತ್ರ ಬಂದರೆ ತಪ್ಪು ಬ್ಯಾಟರಿಯದಲ್ಲ, ಕರೆಂಟು ಬೇರೆಲ್ಲೋ ಖರ್ಚಾಗುತ್ತಿದೆ. ಟೈರ್ ಗಾಳಿ ನೋಡಿ. ಹೊಸ ಟೈರ್ ಹಾಕಿಸಿದ್ದರೆ ಯಾವ ಬಗೆಯದು ನೋಡಿ: ಕಾರಿನ ಜೊತೆ ಬರುವ, ಸಲೀಸಾಗಿ ಉರುಳುವ ಟೈರ್ ತೆಗೆದು ಅಗ್ಗದ್ದನ್ನು ಹಾಕಿಸಿದ್ದರೆ ರೇಂಜ್ ಗಟ್ಟಿಯಾಗಿ ಇಳಿಯುತ್ತದೆ. ನಿಲ್ಲಿಸಿದ ಕೂಡಲೇ ನಾಲ್ಕೂ ಚಕ್ರದ ಹತ್ತಿರ ಕೈಯೊಡ್ಡಿ. ಒಂದು ಚಕ್ರ ಮಾತ್ರ ಕಾವಲಿಯಂತೆ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ರೀಜನ್ (ನಿಧಾನಿಸುವಾಗ ಮೋಟರೇ ಕರೆಂಟು ಹುಟ್ಟಿಸಿ ಬ್ಯಾಟರಿಗೆ ಮರಳಿಸುವುದು) ಹೆಚ್ಚು ಬಳಸುವ ಕಾರುಗಳಲ್ಲಿ ಬ್ರೇಕ್ ಹೆಚ್ಚು ಕೆಲಸ ಮಾಡದೆ ಕ್ಯಾಲಿಪರ್ ಪಿನ್ ತುಕ್ಕು ಹಿಡಿಯುವುದುಂಟು, ಮಂಗಳೂರು ಕಡೆಯ ಕಾರುಗಳಲ್ಲಿ ಇನ್ನೂ ಹೆಚ್ಚು. ಇವೆಲ್ಲ ಕೆಲವು ಸಾವಿರದ ರಿಪೇರಿ.

ಯೂನಿಟ್‌ಗೆ 7.5 ಕಿ.ಮೀ. ಚೆನ್ನಾಗಿಯೇ ಬಂದು ಶೇಕಡ ಮಾತ್ರ ಬೇಗ ಇಳಿದರೆ ಆಗ ಸಾಮರ್ಥ್ಯ ಕುಗ್ಗಿದೆ, ಅಥವಾ ಕುಗ್ಗಿದೆ ಎಂದು ಬಿಎಂಎಸ್ ನಂಬಿದೆ. 70 ಕಿ.ಮೀ.ಗೆ 9.3 ಯೂನಿಟ್ ಬೇಕು. ಅಷ್ಟಕ್ಕೆ 36% ಇಳಿದಿದ್ದರೆ ಒಟ್ಟು 26 ಯೂನಿಟ್ ಎಂದಾಯಿತು. ಎರಡರಲ್ಲಿ ಯಾವುದು ಎಂದು ಹೇಳುವುದು ಮೀಟರ್ ಪರೀಕ್ಷೆ ಮಾತ್ರ.

ಶೇಕಡ ಹಾರುವುದು

18% ಇದ್ದದ್ದು ಸಿಗ್ನಲ್ ದಾಟುವಷ್ಟರಲ್ಲಿ 7 ಆಯಿತು, ಅಥವಾ ಚಾರ್ಜ್ ಮಾಡುವಾಗ 88ರಿಂದ ನೇರ 100ಕ್ಕೆ ಹಾರಿತು. ಮಾರುವವರು ಮುಚ್ಚಿಡುವುದು ಹೆಚ್ಚಾಗಿ ಈ ಲಕ್ಷಣವನ್ನೇ. 60-70% ಇರುವಾಗ ಮಾತ್ರ ಟೆಸ್ಟ್ ಡ್ರೈವ್ ಕೊಟ್ಟರೆ ನಿಮಗೆ ಇದು ಕಾಣುವುದೇ ಇಲ್ಲ. ಕಾರನ್ನು 25%ರ ಕೆಳಗೆ ಇಳಿಸಿ ಓಡಿಸದೆ ಮಾತು ಮುಗಿಸಬೇಡಿ.

ಹಾರಿದ್ದಕ್ಕೆ ಎರಡು ಕಾರಣ. ಬಿಎಂಎಸ್ ಎಣಿಕೆ ತಪ್ಪಿದ್ದು ಒಂದು. ಹಾಗಾದರೆ ಎರಡು ಸಲ ಪೂರ್ತಿ ಚಾರ್ಜ್ ಮಾಡಿ, ಸಮವಾಗಲು ಬಿಟ್ಟು, ಮತ್ತೆ ತಳದ ತನಕ ಓಡಿಸಿದಾಗ ಹಾರುವುದು ನಿಲ್ಲುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ. ಸೋತ ಸೆಲ್ ಇನ್ನೊಂದು. ಹಾಗಾದರೆ ಎಷ್ಟು ಸಲ ತುಂಬಿಸಿದರೂ ಅದೇ ಆಸುಪಾಸಿನಲ್ಲಿ ಮತ್ತೆ ಕುಸಿಯುತ್ತದೆ, ಅದರಲ್ಲೂ ಏರು ಹತ್ತುವಾಗ, ಜೋರಾಗಿ ಆಕ್ಸಿಲರೇಟರ್ ಒತ್ತುವಾಗ. ಸೆಲ್‌ಗಳು ಒಂದರ ಹಿಂದೆ ಒಂದು ಸರಣಿಯಲ್ಲಿ ಇರುವುದರಿಂದ ಇಡೀ ಪ್ಯಾಕ್ ನಡೆಯುವುದು ತೀರಾ ಸೋತ ಸೆಲ್ಲಿನ ಹೆಜ್ಜೆಗೆ. ಅದು ತಳ ಮುಟ್ಟಿದ ಕೂಡಲೇ ಉಳಿದವುಗಳಲ್ಲಿ ಚಾರ್ಜ್ ಇದ್ದರೂ ಬಿಎಂಎಸ್ ಮೋಟರಿನ ಶಕ್ತಿ ಕಡಿತ ಮಾಡುತ್ತದೆ, ಕಾರು ಆಮೆಯಾಗುತ್ತದೆ.

ಚಾರ್ಜ್ ಆಗುವಾಗಲೂ ಇದೇ ಕಥೆ ತಲೆಕೆಳಗಾಗಿ ನಡೆಯುತ್ತದೆ. ಒಂದು ಸೆಲ್ ಬೇಗ ತುಂಬಿ 3.65 ಮುಟ್ಟಿದರೆ ಉಳಿದವು ತುಂಬದಿದ್ದರೂ ಚಾರ್ಜಿಂಗ್ ನಿಲ್ಲುತ್ತದೆ. ಬೇರೆ ಬೇರೆ ಪ್ಲಗ್ಗಿನಲ್ಲಿ ಹಾಕಿದರೂ 92-94%ಕ್ಕೇ ನಿಲ್ಲುವ ಕಾರಿನಲ್ಲಿ ಸೆಲ್‌ಗಳು ಅಸಮವಾಗಿವೆ. ಹಲವು ತಿಂಗಳು ಪೂರ್ತಿ ತುಂಬಿಸದ ಕಾರಾದರೆ ನಾಲ್ಕೈದು ರಾತ್ರಿ ನಿಧಾನ ಚಾರ್ಜ್‌ನಲ್ಲಿ ಸರಿಹೋಗಬಹುದು. ಸರಿಹೋಗದಿದ್ದರೆ ಸರ್ವಿಸ್ ಸೆಂಟರಿನ ಕೆಲಸ. 97-98ರಲ್ಲಿ ಬಹಳ ಹೊತ್ತು ನಿಂತು ಆಮೇಲೆ 100 ಆಗುವುದು ದೋಷವಲ್ಲ, ಸಮ ಮಾಡುವ ಕೆಲಸ ನಡೆಯುತ್ತಿದೆ ಅಷ್ಟೆ.

ಸ್ಕ್ಯಾನರ್ ಹಾಕಿ ನೋಡುವುದು

ಕಾರಿನ ಒಬಿಡಿ ಪೋರ್ಟಿಗೆ (ದೋಷ ಪತ್ತೆಗೆಂದು ಇರುವ ಸಾಕೆಟ್ಟಿಗೆ) ಚುಚ್ಚುವ ಬ್ಲೂಟೂತ್ ಡಾಂಗಲ್ ಮತ್ತು ಮೊಬೈಲ್ ಆ್ಯಪ್‌ನಿಂದ ಕೆಲವು ಕಾರುಗಳಲ್ಲಿ ಎಸ್‌ಒಎಚ್ (ಬ್ಯಾಟರಿಯ ಆರೋಗ್ಯ ಎಷ್ಟು ಶೇಕಡ ಉಳಿದಿದೆ ಎಂಬ ಅಂಕಿ), ಪ್ರತಿ ಸೆಲ್ಲಿನ ವೋಲ್ಟೇಜ್, ತಾಪಮಾನ ಎಲ್ಲ ಓದಬಹುದು. ಎಲ್ಲ ಕಾರಿನಲ್ಲೂ ಆಗುವುದಿಲ್ಲ. ಆ್ಯಪ್‌ನಲ್ಲಿ ನಿಮ್ಮ ಮಾಡೆಲ್ಲಿನ ಪ್ರೊಫೈಲ್ ಇಲ್ಲದಿದ್ದರೆ ಬರುವ ಅಂಕಿಗೆ ಅರ್ಥವಿಲ್ಲ. ಅಂಥ ಕಾರಿಗೆ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಹೆಲ್ತ್ ರಿಪೋರ್ಟ್ ತೆಗೆಸಿ. ರಿಪೋರ್ಟಿನಲ್ಲಿ ಚಾಸಿ ನಂಬರ್, ದಿನಾಂಕ, ಓಡಿದ ಕಿ.ಮೀ. ಮೂರೂ ಇರಬೇಕು. ಚಾಸಿ ನಂಬರನ್ನು ಕಾರಿನ ಮೇಲಿನದರ ಜೊತೆ ಅಕ್ಷರ ಅಕ್ಷರ ಹೋಲಿಸಿ. ವಾಟ್ಸ್‌ಆ್ಯಪಿನಲ್ಲಿ ಬಂದ ರಿಪೋರ್ಟಿನ ಫೋಟೊ ಯಾವ ಕಾರಿನದೋ ಯಾರು ಬಲ್ಲರು?

ಎಸ್‌ಒಎಚ್ ಎಂಬುದೂ ಬಿಎಂಎಸ್‌ನ ಅಂದಾಜೇ. ಅದು 98 ಎಂದು, ನಿಮ್ಮ ಮೀಟರ್ 78 ಎಂದರೆ ಮೀಟರನ್ನು ನಂಬಿ. ಈಚೆಗೆ ಸಾಫ್ಟ್‌ವೇರ್ ಬದಲಿಸಿದ ಅಥವಾ ಬಿಎಂಎಸ್ ರೀಸೆಟ್ ಮಾಡಿದ ಕಾರಿನಲ್ಲಿ ಆ ಅಂಕಿ ಮತ್ತೆ ಮೇಲಿನಿಂದ ಶುರುವಾಗಿರಬಹುದು.

ಸೆಲ್ ವೋಲ್ಟೇಜ್ ಸಿಕ್ಕರೆ ಅದನ್ನು ಯಾವಾಗ ನೋಡಬೇಕು ಎಂಬುದು ಮುಖ್ಯ. ಎಲ್‌ಎಫ್‌ಪಿ ಕಾರು 50%ರಲ್ಲಿ ಸುಮ್ಮನೆ ನಿಂತಿರುವಾಗ ಎಲ್ಲ ಸೆಲ್‌ಗಳೂ 10-20 ಮಿಲಿವೋಲ್ಟ್ ಒಳಗೇ ಇರುತ್ತವೆ, ಕೆಟ್ಟದ್ದೂ ಸೇರಿ. ಆ ಸ್ಕ್ರೀನ್‌ಶಾಟ್ ತೋರಿಸಿದರೆ ತಲೆದೂಗಬೇಡಿ. 20%ರ ಕೆಳಗೆ, ಖಾಲಿ ರಸ್ತೆಯಲ್ಲಿ ಜೋರಾಗಿ ವೇಗ ಹೆಚ್ಚಿಸುವಾಗ ಪಕ್ಕದಲ್ಲಿ ಕೂತವರು ತೀರಾ ಕೆಳಗಿರುವ ಸೆಲ್ಲಿನ ನಂಬರ್ ಬರೆದುಕೊಳ್ಳಲಿ. ನಾಲ್ಕೈದು ಸಲ ಮಾಡಿ. ಪ್ರತಿ ಸಲ ಬೇರೆ ಬೇರೆ ನಂಬರ್ ಬಂದರೆ ಚಿಂತೆಯಿಲ್ಲ. ಪ್ರತಿ ಸಲವೂ ಅದೇ ನಂಬರ್, ಅದೂ ಉಳಿದವುಗಳಿಗಿಂತ 100 ಮಿಲಿವೋಲ್ಟ್‌ಗೂ ಹೆಚ್ಚು ಕೆಳಗೆ ಬಿದ್ದರೆ ಕಾಯಿಲೆ ಸಿಕ್ಕಿತು.

ಡಿಸ್‌ಪ್ಲೇಯಲ್ಲಿ ಟ್ರಿಪ್ ಎ, ಟ್ರಿಪ್ ಬಿ, ಸರಾಸರಿ ಎಲ್ಲವೂ ಸೊನ್ನೆಯಾಗಿ, ಗಡಿಯಾರವೂ ತಪ್ಪಿದ್ದರೆ ನಿನ್ನೆ ಮೊನ್ನೆ ಯಾರೋ 12 ವೋಲ್ಟ್ ತಂತಿ ಕಿತ್ತಿದ್ದಾರೆ. ವಾರ್ನಿಂಗ್ ಲೈಟ್ ಆರಿಸುವುದಕ್ಕೂ ಹಾಗೆ ಮಾಡುವುದುಂಟು. ಅಂಥ ಕಾರನ್ನು ಕನಿಷ್ಠ 50 ಕಿ.ಮೀ. ಓಡಿಸಿ, ಒಂದು ಸಲ ಚಾರ್ಜ್ ಮಾಡಿ, ಲೈಟ್ ಮತ್ತೆ ಬರುತ್ತದೆಯೇ ನೋಡಿ.

ಫಾಸ್ಟ್ ಚಾರ್ಜ್ ನಿಧಾನ

ಹಳೆಯ ನೆಕ್ಸಾನ್‌ಗೆ ಕಂಪನಿ ಹೇಳಿದ್ದು ಸೊನ್ನೆಯಿಂದ 80ಕ್ಕೆ ಒಂದು ಗಂಟೆ. 30-50%ರ ನಡುವೆ 20 ಕಿಲೋವ್ಯಾಟ್‌ಗಿಂತ ಮೇಲೆ ಎಳೆಯುತ್ತಿದ್ದರೆ ಸರಿ. 8-10ರಲ್ಲೇ ನಿಂತಿದ್ದರೆ ಮೊದಲು ಇನ್ನೊಂದು ಕಂಪನಿಯ ಚಾರ್ಜರ್‌ಗೆ ಹೋಗಿ, ಪಕ್ಕದ ಗನ್‌ನಲ್ಲಿ ಬೇರೆ ಕಾರು ಇಲ್ಲದಾಗ ನೋಡಿ. ಅಲ್ಲೂ ಹಾಗೇ ಆದರೆ ಕೂಲಿಂಗ್ ಕಡೆ ತಿರುಗಿ. ಬಾನೆಟ್ ತೆಗೆದು ಕೂಲೆಂಟ್ ಮಟ್ಟ ನೋಡಿ, ಚಾರ್ಜ್ ಆಗುವಾಗ ಪಂಪ್ ಮತ್ತು ಫ್ಯಾನ್ ಸದ್ದು ಕೇಳಿ. ಕೂಲೆಂಟ್ ಕಡಿಮೆಯಾಗಿ ಮಾಮೂಲಿ ನೀರು ಸೇರಿಸಿದ್ದರೆ ಬಣ್ಣ ಪೇಲವವಾಗಿರುತ್ತದೆ. ಇದು ಕೆಟ್ಟ ಸೂಚನೆ, ಸೋರಿಕೆ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಕೂಲಿಂಗ್ ಸರಿಯಿದ್ದೂ ನಿಧಾನವಾದರೆ ಸೋತ ಸೆಲ್ಲಿನ ಅನುಮಾನ ಗಟ್ಟಿಯಾಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಮಾಡಿದ ಪರೀಕ್ಷೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. 40 ಡಿಗ್ರಿಯಲ್ಲಿ ಆರೋಗ್ಯವಾಗಿರುವ ಕಾರೂ ವೇಗ ಇಳಿಸುತ್ತದೆ. ಬೆಳಿಗ್ಗೆ ನೋಡಿ.

ಕಾರು ಸ್ಟಾರ್ಟೇ ಆಗುವುದಿಲ್ಲ, ಲೈಟೆಲ್ಲ ಉರಿಯುತ್ತವೆ

ಗಾಬರಿ ಬೇಡ, ಬೆಲೆಯಲ್ಲಿ ಚೌಕಾಸಿಗೆ ಒಳ್ಳೆಯ ಅವಕಾಶ. ದೊಡ್ಡ ಬ್ಯಾಟರಿಯನ್ನು ಜೋಡಿಸುವ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚಿಗೆ ಕರೆಂಟು ಬರುವುದು 12 ವೋಲ್ಟ್ ಬ್ಯಾಟರಿಯಿಂದ. ಅದು ಸತ್ತರೆ ಕಾರೇ ಸತ್ತಂತೆ. ಮಲ್ಟಿಮೀಟರ್‌ನಲ್ಲಿ ರಾತ್ರಿಯಿಡೀ ನಿಂತ ಕಾರಿನ 12 ವೋಲ್ಟ್ ಬ್ಯಾಟರಿ 12.4ರಿಂದ 12.7 ತೋರಿಸಬೇಕು. ಕಾರು ಆನ್ ಮಾಡಿದರೆ 13.5ರಿಂದ 14.5ಕ್ಕೆ ಏರಬೇಕು. ಏರದಿದ್ದರೆ ದೊಡ್ಡ ಬ್ಯಾಟರಿಯಿಂದ ಇದನ್ನು ಚಾರ್ಜ್ ಮಾಡುವ ಡಿಸಿ-ಡಿಸಿ ಕನ್ವರ್ಟರ್ ನೋಡಿಸಿ, ಅದು ಸಣ್ಣ ಖರ್ಚಲ್ಲ. ನಿಂತಿದ್ದಾಗಲೇ 12ಕ್ಕಿಂತ ಕೆಳಗಿದ್ದರೆ ಮೊದಲು ಆ ಬ್ಯಾಟರಿ ಬದಲಿಸಿ, ಆಮೇಲೆ ಉಳಿದ ಮಾತು.

ನೀರು ಕಂಡ ಕಾರು

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದನ್ನು ಎಲ್ಲರೂ ಕಂಡಿದ್ದಾರೆ. ಪ್ಯಾಕ್ ಐಪಿ67 ಆಗಿದ್ದರೂ ಅದರ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಎಂದಷ್ಟೇ, ಎರಡು ದಿನ ಎಂದಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ತುದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಸೀಟ್ ರೈಲಿನ ಬೋಲ್ಟ್‌ಗಳಲ್ಲಿ ತುಕ್ಕು, ಒಬಿಡಿ ಪೋರ್ಟಿನ ಪಿನ್‌ಗಳಲ್ಲಿ ಹಸಿರು ಕಿಲುಬು, ಕಾರ್ಪೆಟ್ ಕೆಳಗೆ ಮಣ್ಣಿನ ವಾಸನೆ ಹುಡುಕಿ.

ಇಂಥ ಕಾರುಗಳಲ್ಲಿ ಬರುವುದು ಐಸೋಲೇಷನ್ ದೋಷ: ಹೈ ವೋಲ್ಟೇಜ್ ತಂತಿಗೂ ಕಾರಿನ ಮೈಗೂ ನಡುವಿನ ತಡೆ ಕುಸಿಯುವುದು. ಪ್ರತಿ ವೋಲ್ಟ್‌ಗೆ 500 ಓಮ್ ಎಂಬ ಲೆಕ್ಕದಲ್ಲಿ 320 ವೋಲ್ಟ್ ಪ್ಯಾಕ್‌ಗೆ 1,60,000 ಓಮ್ ಕನಿಷ್ಠ. ಗಟ್ಟಿಯಾಗಿರುವ ಕಾರಿನಲ್ಲಿ ಇದರ ಎಷ್ಟೋ ಪಟ್ಟು ಇರುತ್ತದೆ. ಮಳೆಯ ಬೆಳಿಗ್ಗೆ ವಾರ್ನಿಂಗ್ ಬಂದು ಮಧ್ಯಾಹ್ನ ಹೋಗುವಂತಿದ್ದರೆ ಕನೆಕ್ಟರ್‌ನಲ್ಲಿ ತೇವ. ಎಸಿ ಹಾಕಿದಾಗ ಮಾತ್ರ ಬಂದರೆ ಕಂಪ್ರೆಸರ್. ಯಾವಾಗಲೂ ಇದ್ದರೆ ಪ್ಯಾಕ್ ಒಳಗೇ ಇರಬಹುದು, ಆ ಕಾರು ಬಿಡಿ. ಈ ತಡೆ ಅಳೆಯುವ ಮೆಗ್ಗರ್ ಹಿಡಿದು ನೀವೇ ಅಳೆಯಲು ಹೋಗಬೇಡಿ.

ಹೇಗೂ ಒಂದು ಸಲ ರ‍್ಯಾಂಪ್ ಮೇಲೆ ಏರಿಸಿ ಪ್ಯಾಕ್‌ನ ತಳ ನೋಡಲೇಬೇಕು. ನಮ್ಮ ಹಂಪುಗಳ ದಯೆಯಿಂದ ಗೀರುಗಳು ಇದ್ದೇ ಇರುತ್ತವೆ, ಅವು ಲೆಕ್ಕಕ್ಕಿಲ್ಲ. ಒಳಕ್ಕೆ ತಗ್ಗಿದ ಗುಂಡಿ, ಅಂಚಿನ ಸೀಲಿನಲ್ಲಿ ಬಿರುಕು, ಒಣಗಿದ ಕೂಲೆಂಟ್ ಕಲೆ ಇದ್ದರೆ ಮುಂದೆ ಹೋಗಬೇಡಿ. ಬೋಲ್ಟ್‌ಗಳ ಮೇಲೆ ಕಾರ್ಖಾನೆಯಲ್ಲಿ ಎಳೆದ ಬಣ್ಣದ ಗೆರೆ ಮುರಿದಿದ್ದರೆ ಪ್ಯಾಕ್ ಇಳಿಸಿ ಏರಿಸಿದ್ದಾರೆ. ವಾರಂಟಿಯಲ್ಲಿ ಬದಲಿಸಿದ ಪ್ಯಾಕ್ ಆದರೆ ಅದು ಕಾರಿಗಿಂತ ಚಿಕ್ಕ ವಯಸ್ಸಿನದು, ಸಂತೋಷ. ಆದರೆ ಬಿಲ್ಲು, ಜಾಬ್ ಕಾರ್ಡ್ ಇರಬೇಕು.

ಬೆಲೆ ಮತ್ತು ಕಾಗದ

ಸಮವಾಗಿ ಸವೆದ, 80-85% ಉಳಿದ ಕಾರು ನಿಮಗೆ ಸಾಕೇ ಎಂಬುದಕ್ಕೆ ಕಂಪನಿ ಹೇಳಿದ 312 ಕಿ.ಮೀ. ಮರೆತುಬಿಡಿ. 30.2ರ 82% ಅಂದರೆ 24.8 ಯೂನಿಟ್, ಯೂನಿಟ್‌ಗೆ 7 ಕಿ.ಮೀ. ಎಂದರೆ 173. ಅದರಲ್ಲಿ ತಳದ 15% ಬಿಟ್ಟರೆ ಕೈಗೆ ಸಿಗುವುದು 147. ದಿನಕ್ಕೆ 60 ಕಿ.ಮೀ. ಓಡಾಡುವವರಿಗೆ ಧಾರಾಳ. ವಾರಕ್ಕೊಮ್ಮೆ ಬೆಂಗಳೂರಿಂದ ಮೈಸೂರಿಗೆ ಹೋಗುವವರಿಗೆ ದಾರಿಯಲ್ಲಿ ಎದೆ ಹೊಡೆದುಕೊಳ್ಳುವಷ್ಟು. ಹೆದ್ದಾರಿಯ 90ರ ವೇಗದಲ್ಲಿ ಯೂನಿಟ್‌ಗೆ 7 ಬರುವುದೂ ಇಲ್ಲ.

ಸೋತ ಸೆಲ್ ಇರುವ ಕಾರಿಗೆ ವಾರಂಟಿ ಇನ್ನೂ ಇದ್ದರೆ, ಮಾರುವವರ ಹೆಸರಿನಲ್ಲೇ ದೂರು ದಾಖಲಿಸಿ ರಿಪೇರಿ ಮುಗಿಸಿ ಕೊಡಲಿ. 'ನೀವು ಕೊಂಡ ಮೇಲೆ ಮಾಡಿಸ್ಕೊಳ್ಳಿ, ವಾರಂಟಿ ಇದೆ' ಎಂಬ ಮಾತಿಗೆ ಒಪ್ಪಬೇಡಿ. ಸರ್ವಿಸ್ ತಪ್ಪಿಸಿದ್ದು, ಹೊರಗಿನವರು ತಂತಿ ಕತ್ತರಿಸಿ ಲೈಟು, ಹಾರ್ನ್ ಹಾಕಿದ್ದು ಇದ್ದರೆ ಕಂಪನಿ ಒಪ್ಪದಿರಬಹುದು, ಅದು ಗೊತ್ತಾಗುವಷ್ಟರಲ್ಲಿ ದುಡ್ಡು ಹೋಗಿರುತ್ತದೆ.

ಫಾರಂ 29 ಮತ್ತು 30ಕ್ಕೆ ಸಹಿ ಆಗಿ ಆರ್‌ಸಿ ನಿಮ್ಮ ಹೆಸರಿಗೆ ಬಂದ ವಾರದಲ್ಲೇ ಸರ್ವಿಸ್ ಸೆಂಟರಿಗೆ ಹೋಗಿ ಕಂಪನಿಯ ದಾಖಲೆಯಲ್ಲಿ ಮಾಲೀಕರ ಹೆಸರು, ಫೋನ್ ನಂಬರ್ ಬದಲಿಸಿ. ಮೊಬೈಲ್ ಆ್ಯಪಿನಲ್ಲಿ ಹಳೆಯ ಮಾಲೀಕರ ಖಾತೆ ತೆಗೆಸಿ, ಇಲ್ಲದಿದ್ದರೆ ನಿಮ್ಮ ಕಾರಿನ ಬೀಗ, ಎಸಿ, ನಿಂತ ಜಾಗ ಎಲ್ಲ ಅವರ ಕೈಯಲ್ಲೇ ಉಳಿಯಬಹುದು. ಪೋರ್ಟಬಲ್ ಚಾರ್ಜರ್ ಕಾರಿನ ಜೊತೆ ಬಂದಿದೆಯೇ ಎಂದು ಡಿಕ್ಕಿ ತೆಗೆದು ನೋಡಿ.